ಒಂದೇ ಊರಿನ ಪ್ರವಾಸ

ಪ್ರವಾಸದ ಸುಖದಲ್ಲಿ ಅರ್ಧಪಾಲು ಹೊರಡುವ ಮುನ್ನವೇ ಸಂದುಹೋಗಿರುತ್ತದೆಂಬುದು ಅನುಭವಿಗಳ ಮಾತು. ಯಾವ ಊರು, ಯಾವ ರೈಲು, ಎಲ್ಲಿ ಸ್ನಾನ, ಎಲ್ಲಿ ಊಟ, ಬೀಗದ ಕೈ ಯಾರ ಮನೆಯಲ್ಲಿ, ಬುತ್ತಿಗೆ ಚಪಾತಿಯೋ ಪುಳಿಯೋಗರೆಯೋ ಎಂದು ಮನೆಮಂದಿ ರಾತ್ರಿಯ ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು ನಡೆಸುವ ಚರ್ಚೆಗೆ ಶಾಸನಸಭೆಯ ಗಾಂಭೀರ್ಯವೂ ಉಂಟು, ಸಂತೆಯ ಸಡಗರವೂ ಉಂಟು. ಹಿಂದಿನವರು ಕಾಶಿಗೆ ಹೊರಟರೆ ಮನೆ ಹೊಲಗಳ ವ್ಯವಸ್ಥೆಯನ್ನೆಲ್ಲ ಮಾಡಿ, ಬಂಧುಗಳಿಗೆ ಹೇಳಿ ಹೊರಡುತ್ತಿದ್ದರು. ಈಗ ಅಂಗೈಯಲ್ಲಿರುವ ಮೊಬೈಲು ಟಿಕೆಟ್ಟನ್ನೂ ಕೊಠಡಿಯನ್ನೂ ನಿಮಿಷಮಾತ್ರದಲ್ಲಿ ಗೊತ್ತುಮಾಡಿಕೊಡುತ್ತದೆ. ಆದರೂ ಯೋಚಿಸುವ ಕೆಲಸವನ್ನು ಅದು ತನ್ನ ಮೇಲೆ ಹಾಕಿಕೊಂಡಿಲ್ಲ. ಅದು ಇನ್ನೂ ಮನುಷ್ಯನ ಪಾಲಿಗೇ ಉಳಿದಿದೆ.

ಈ ಯೋಚನೆಯನ್ನು ಯಾರೂ ಒಂದು ದೊಡ್ಡ ಸಾಮರ್ಥ್ಯವೆಂದು ಎಣಿಸುವುದಿಲ್ಲ. ಆದರೆ ವಿಚಾರಿಸಿ ನೋಡಿದರೆ, ಪ್ರವಾಸದ ಯೋಜನೆಯೆಂಬುದು ಇನ್ನೂ ಬಾರದಿರುವ ದಿನಗಳನ್ನು ಮನಸ್ಸಿನಲ್ಲಿ ಮುಂದಾಗಿಯೇ ಬಾಳುವ ಕೆಲಸ. ಹತ್ತು ಸಂಗತಿಗಳನ್ನು ಒಟ್ಟಿಗೆ ನೆನಪಿನಲ್ಲಿ ಹಿಡಿದಿಡಬೇಕು. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೊಂದಿಸಬೇಕು. ಒಂದನ್ನು ಆರಿಸಿ ಒಂಬತ್ತನ್ನು ಬಿಡಬೇಕು. ಬಿಟ್ಟದ್ದನ್ನು ಕುರಿತು ಕೊರಗದೆ ಮುಂದೆ ಸಾಗಬೇಕು. ಆರೋಗ್ಯವಾಗಿರುವವರಿಗೆ ಇದೆಲ್ಲ ಉಸಿರಾಟದಷ್ಟು ಸಹಜ. ತಲೆಗೆ ಬಲವಾದ ಪೆಟ್ಟು ಬಿದ್ದು, ಹಣೆಯ ಹಿಂದಿರುವ ಮಿದುಳಿನ ಮುಂಭಾಗಕ್ಕೆ ಊನವಾದವರಿಗೆ ಮಾತ್ರ ಇದು ಎಂತಹ ಬೆಟ್ಟವೆಂಬುದು ತಿಳಿಯುತ್ತದೆ.

ಕೆನಡಾದ ಮಾಂಟ್ರಿಯಲ್ ನಗರದಲ್ಲಿದ್ದ ಪ್ರಸಿದ್ಧ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್‌ 1928ರಲ್ಲಿ ತನ್ನ ಸ್ವಂತ ಅಕ್ಕನಿಗೇ ಶಸ್ತ್ರಚಿಕಿತ್ಸೆ ಮಾಡಬೇಕಾಗಿ ಬಂದಿತು. ಆಕೆಯ ಮಿದುಳಿನ ಬಲ ಮುಂಭಾಗದಲ್ಲಿ ಗಡ್ಡೆ ಬೆಳೆದಿತ್ತು. ಅದರೊಡನೆ ಆ ಭಾಗದ ಬಹುಪಾಲನ್ನು ತೆಗೆಯಬೇಕಾಯಿತು. ಆಕೆ ಚೇತರಿಸಿಕೊಂಡಳು. ಮಾತು, ನಗೆ, ವಿನಯ ಯಾವುದರಲ್ಲಿಯೂ ಕೊರತೆಯಿರಲಿಲ್ಲ. ವರ್ಷ ಕಳೆದ ಮೇಲೆ ಒಂದು ದಿನ ಆಕೆ ಅತಿಥಿಯೊಬ್ಬರನ್ನು ಊಟಕ್ಕೆ ಕರೆದಳು. ಅತಿಥಿಯೂ ಮನೆಯ ನಾಲ್ವರೂ ಸೇರಿ ಐದು ಮಂದಿಗೆ ಅಡುಗೆ. ಹಗಲೆಲ್ಲ ಬಿಡುವಿತ್ತು, ಉತ್ಸಾಹವೂ ಇತ್ತು. ಆದರೆ ಊಟದ ಹೊತ್ತಿಗೆ ಬಂದು ನೋಡಿದರೆ ಸಾಮಗ್ರಿಯೆಲ್ಲ ಸಿದ್ಧವಾಗಿದೆ, ಒಂದೆರಡು ಪದಾರ್ಥ ಒಲೆಯ ಮೇಲೂ ಇದೆ. ಮಾಂಸವನ್ನು ಬೇಯಲು ಇಟ್ಟೇ ಇಲ್ಲ. ಆಕೆ ಮಾತ್ರ ದಿನವಿಡೀ ಒಬ್ಬಳೇ ಹೆಣಗಿ ದಿಕ್ಕುಗಾಣದೆ ನಿಂತಿದ್ದಾಳೆ. ಒಂದೊಂದು ಅಡುಗೆಯನ್ನೂ ಆಕೆ ಬಲ್ಲಳು. ಅವುಗಳನ್ನು ಒಂದರ ಹಿಂದೆ ಒಂದಾಗಿ ಹೊಂದಿಸುವ ಬಲ ಮಾತ್ರ ಹೋಗಿತ್ತು. ತಮ್ಮನಾದವನು 1935ರಲ್ಲಿ ಇದನ್ನು ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿದನು. ಆ ಲೇಖನದಲ್ಲಿ ಈ ಅಡುಗೆಮನೆಯ ಸಂಗತಿ ಇಂದಿಗೂ ಓದುವವರ ಮನಸ್ಸನ್ನು ಕಲಕುತ್ತದೆ.

1991ರಲ್ಲಿ ಶಾಲಿಸ್ ಮತ್ತು ಬರ್ಜೆಸ್ ಎಂಬ ಇಬ್ಬರು ಲಂಡನ್ನಿನ ವಿದ್ವಾಂಸರು ಇದನ್ನೇ ಬೀದಿಯಲ್ಲಿ ಪರೀಕ್ಷಿಸಿ ನೋಡಿದರು. ಮಿದುಳಿನ ಮುಂಭಾಗಕ್ಕೆ ಪೆಟ್ಟಾಗಿದ್ದ ಮೂವರಿಗೆ ಒಂದು ಚೀಟಿ ಕೊಟ್ಟು ಅಂಗಡಿ ಬೀದಿಗೆ ಕಳುಹಿಸಿದರು: ಇಂತಿಂಥ ಸಾಮಾನು ಕೊಳ್ಳಿರಿ, ಇಷ್ಟು ಹೊತ್ತಿಗೆ ಇಂಥ ಕಡೆ ಇರಿ, ಇಂತಿಂಥ ವಿಷಯವನ್ನು ವಿಚಾರಿಸಿಕೊಂಡು ಬನ್ನಿ. ಬುದ್ಧಿಯ ಪರೀಕ್ಷೆಗಳಲ್ಲಿ ಆ ಮೂವರೂ ಚೆನ್ನಾಗಿಯೇ ತೇರ್ಗಡೆಯಾಗಿದ್ದರು. ಬೀದಿಯಲ್ಲಿ ತಡವರಿಸಿದರು. ಕಾಗದದ ಮೇಲೆ ಜಾಣರಾದವರು ಬಾಳಿನ ಬೀದಿಯಲ್ಲಿ ಎಡವುವುದು ಏಕೆಂದು ಮನೆಯವರಿಗೆ ಅರ್ಥವಾಗುವುದಿಲ್ಲ. ‘ಎಲ್ಲ ಸರಿಯಾಗಿಯೇ ಇದ್ದಾರಲ್ಲ, ಸ್ವಲ್ಪ ಮನಸ್ಸಿಟ್ಟರೆ ಆಗದೆ?’ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಮೈಸೂರಿನ ಒಂದು ಮನೆಯಲ್ಲಿ ಈ ಪ್ರಶ್ನೆ ಎರಡು ವರ್ಷ ಕಾಲ ಗೋಡೆಗಡಿಯಾರದಂತೆ ಸದ್ದುಮಾಡುತ್ತಲೇ ಇತ್ತು. ಆ ಮನೆಯ ಯಜಮಾನರು ಬಂಧುಬಳಗದಲ್ಲೆಲ್ಲ ಪ್ರವಾಸದ ಸೂತ್ರಧಾರರೆಂದು ಹೆಸರು ಪಡೆದವರು. ಯಾರ ಮನೆಯವರು ಎಲ್ಲಿಗೆ ಹೊರಟರೂ ಮೊದಲು ಇವರ ಮನೆಗೆ ಬಂದು ಕೇಳಿಕೊಂಡು ಹೋಗುವರು. ರೈಲಿನ ವೇಳಾಪಟ್ಟಿ ಅವರಿಗೆ ಕಂಠಪಾಠ. ನಾಲ್ಕು ದಿನದಲ್ಲಿ ಹನ್ನೊಂದು ಕ್ಷೇತ್ರಗಳನ್ನು ಮುಗಿಸಿ, ಐದನೆಯ ಬೆಳಗ್ಗೆ ಕಚೇರಿಯಲ್ಲಿ ಹಾಜರಿ ಹಾಕಿದ ಖ್ಯಾತಿ ಅವರದು. 2022ರ ಮಳೆಗಾಲದ ಒಂದು ಸಂಜೆ ಅವರ ಸ್ಕೂಟರು ಜಾರಿತು. ಹೆಲ್ಮೆಟ್ಟು ತಲೆಯ ಮೇಲಿರಲಿಲ್ಲ, ಹ್ಯಾಂಡಲಿಗೆ ತೂಗುಹಾಕಿತ್ತು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿ, ಶಸ್ತ್ರಚಿಕಿತ್ಸೆಯಾಗಿ, ಹನ್ನೆರಡು ದಿನ ಕಣ್ಣು ತೆರೆಯದೆ ಮಲಗಿದ್ದರು. ಮನೆಗೆ ಬರಲು ಮೂರು ತಿಂಗಳು ಬೇಕಾಯಿತು.

ವರ್ಷ ತುಂಬುವುದರೊಳಗೆ ಅವರು ನಡೆಯುತ್ತಿದ್ದರು, ಪತ್ರಿಕೆ ಓದುತ್ತಿದ್ದರು, ಬಂದವರೊಡನೆ ನಗುತ್ತ ಮಾತನಾಡುತ್ತಿದ್ದರು. ತಲೆಗೂದಲು ಬೆಳೆದು ಹೊಲಿಗೆಯ ಗುರುತೂ ಮರೆಯಾಯಿತು. ಕೈ ಮುರಿದವನಿಗೆ ಪಟ್ಟಿಯಾದರೂ ಇರುತ್ತದೆ. ಬಸ್ಸಿನಲ್ಲಿ ಕಂಡವರು ಎದ್ದು ಜಾಗ ಕೊಡುವರು. ಮಿದುಳಿನ ಗಾಯಕ್ಕೆ ಅಂತಹ ಪಟ್ಟಿಯಿಲ್ಲ. ಬಂಧುಗಳು ‘ದೇವರು ದೊಡ್ಡವನು, ಪೂರ್ತಿ ಗುಣವಾಯಿತು’ ಎಂದು ಹರಸಿ ಹೋದರು. ಆದರೆ ಮನೆಯಾಕೆಗೆ ಬೇರೊಂದು ಲೆಕ್ಕವಿತ್ತು. ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ ಎಂದು ಹಳೆಯ ನಿಲ್ದಾಣಗಳನ್ನೆಲ್ಲ ತಪ್ಪದೆ ಒಪ್ಪಿಸುವ ಪತಿ, ಬೆಳಗ್ಗೆ ಎರಡು ಅಂಗಿಗಳನ್ನು ಮುಂದೆ ಹರಡಿಕೊಂಡು ಅರ್ಧ ಗಂಟೆ ಸುಮ್ಮನೆ ಕುಳಿತಿರುವುದನ್ನು ಆಕೆ ಕಂಡಿದ್ದರು. ಹಳೆಯ ನೆನಪಿನ ಪೆಟ್ಟಿಗೆ ಭದ್ರವಾಗಿತ್ತು. ಮುಂದಿನದನ್ನು ಕಟ್ಟುವ ಕೈ ಮಾತ್ರ ನಡುಗುತ್ತಿತ್ತು.

2023ರ ಬೇಸಗೆಯಲ್ಲಿ ಮಗನು ತಂದೆಗೆ ಗೆಲುವಾಗಲೆಂದು ಒಂದು ಪ್ರವಾಸವನ್ನು ಏರ್ಪಡಿಸಿದನು. ಅಪ್ಪನಿಗೆ ಯಾವ ಶ್ರಮವೂ ಬೇಡವೆಂದು ಎಲ್ಲವನ್ನೂ ತಾನೇ ಗೊತ್ತುಮಾಡಿದನು. ಕಾರು ಬಾಡಿಗೆಗೆ ಬಂದಿತು. ಅಣ್ಣಂದಿರ ಮನೆಯವರೂ ಸೇರಿದರು. ಮೂರು ದಿನಗಳಿಗೆ ಆರು ಊರು. ಮೊದಲನೆಯ ದಿನ ಮಧ್ಯಾಹ್ನ, ಜನ ಕಿಕ್ಕಿರಿದ ಹೋಟಲೊಂದರಲ್ಲಿ ತಟ್ಟೆ ಲೋಟಗಳ ಸದ್ದು, ಮಕ್ಕಳ ಗಲಾಟೆ, ಮೂಲೆಯಲ್ಲಿ ಟಿ.ವಿ., ಮಾಣಿಯು ಒಂದೇ ಉಸಿರಿನಲ್ಲಿ ಒಪ್ಪಿಸಿದ ತಿಂಡಿಗಳ ಪಟ್ಟಿ ಎಲ್ಲವೂ ಒಮ್ಮೆಗೇ ಮುತ್ತಿದಾಗ, ಎಂದೂ ದನಿಯೆತ್ತದ ಯಜಮಾನರು ಮೇಜನ್ನು ಗುದ್ದಿ ಕಿರುಚಿಬಿಟ್ಟರು. ಹೋಟಲಿಗೆ ಹೋಟಲೇ ತಿರುಗಿ ನೋಡಿತು. ಅತ್ತಿಗೆಯವರು ಮುಖ ತಗ್ಗಿಸಿದರು. ಸಂಜೆಯ ಹೊತ್ತಿಗೆ ಕಾರು ಮೈಸೂರಿನ ಕಡೆಗೆ ತಿರುಗಿತ್ತು. ದಾರಿಯುದ್ದಕ್ಕೂ ಯಾರೂ ಮಾತನಾಡಲಿಲ್ಲ. ಮನೆ ಸೇರಿದ ಮೇಲೆ ಅವರು ಹೆಂಡತಿಗೆ ಹೇಳಿದ್ದು ಒಂದೇ ಮಾತು: “ನನ್ನನ್ನು ಸಾಮಾನಿನ ಹಾಗೆ ಎತ್ತಿಕೊಂಡು ಹೋಗಬೇಡಿ.”

ಆ ಮಾತು ಆಕೆಯನ್ನು ಬಹಳ ದಿನ ಕಾಡಿತು. ಗಲಾಟೆಯಿಂದ ಬಳಲಿದ್ದು ನಿಜ. ಆದರೆ ಅವರ ನೋವು ಅಷ್ಟರದೇ ಆಗಿರಲಿಲ್ಲ. ಮೂವತ್ತು ವರ್ಷ ಎಲ್ಲರನ್ನೂ ಕರೆದುಕೊಂಡು ಹೋದವರನ್ನು, ಪ್ರೀತಿಯಿಂದಲೇ ಆದರೂ, ಒಂದು ಮಾತೂ ಕೇಳದೆ ಹಿಂದಿನ ಸೀಟಿನಲ್ಲಿ ಕೂರಿಸಿದ್ದರು. ಪೆಟ್ಟು ಅವರಿಂದ ಕಸಿದುಕೊಂಡಿದ್ದರಲ್ಲಿ ಉಳಿದ ಚೂರುಪಾರನ್ನು ಮನೆಯವರ ಅಕ್ಕರೆ ಕಸಿದುಕೊಂಡಿತ್ತು. ಮತ್ತೆ ಪ್ರವಾಸದ ಹೆಸರೆತ್ತಿದರೆ, “ಹುಷಾರಿಲ್ಲದವರಿಗೆ ಇವೆಲ್ಲ ಏತಕ್ಕಮ್ಮ? ಮನೆಯಲ್ಲಿ ನೆಮ್ಮದಿಯಾಗಿ ಇರಲಿ” ಎಂದು ಅತ್ತಿಗೆಯವರು ಅಂದರು. ಅದೂ ಅಕ್ಕರೆಯ ಮಾತೇ. ಆದರೆ ಮನೆಯಲ್ಲಿ ನೆಮ್ಮದಿಯಾಗಿ ಇರುವುದೆಂದರೆ ಕಿಟಕಿಯ ಬಳಿ ಕುಳಿತು ದಿನ ಎಣಿಸುವುದೆಂದು ಆಕೆಗೆ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಪೆಟ್ಟು ತಿಂದವರನ್ನು ದಿನನಿತ್ಯದ ಕೆಲಸಗಳಿಗೆ ಮರಳಿ ಅಣಿಮಾಡುವ ಚಿಕಿತ್ಸಕಿಯೊಬ್ಬರಿದ್ದರು. ಅವರು ಆಕೆಗೆ ಕೆಲವು ಸಂಗತಿಗಳನ್ನು ಬಿಡಿಸಿ ಹೇಳಿದರು. ಗಾಯಗೊಂಡ ಮಿದುಳು ಬೇಕಾದ ಸದ್ದನ್ನು ಹಿಡಿದು ಬೇಡದ ಸದ್ದನ್ನು ಬಿಡಲು ಬಹಳ ದುಡಿಯಬೇಕು. ನಮಗೆ ಕೇಳಿಯೂ ಕೇಳದಂತಿರುವ ತಟ್ಟೆಯ ಸದ್ದು ಅವರಿಗೆ ಮಾತಿನಷ್ಟೇ ದೊಡ್ಡದು. ಹೀಗಾಗಿ ಇತರರಿಗೆ ಇಡೀ ದಿನಕ್ಕೆ ಸಾಲುವ ಶಕ್ತಿ ಅವರಿಗೆ ಎರಡು ಗಂಟೆಯಲ್ಲಿ ವ್ಯಯವಾಗುತ್ತದೆ. ಮಿತವಾದ ಸಂಬಳದ ಮನೆಯಲ್ಲಿ ಬಾಡಿಗೆಯನ್ನು ಮೊದಲು ತೆಗೆದಿಟ್ಟು ಉಳಿದದ್ದರಲ್ಲಿ ಸಂಸಾರ ಸಾಗಿಸುವಂತೆ, ದಿನದ ಪಟ್ಟಿಯಲ್ಲಿ ವಿಶ್ರಾಂತಿಯನ್ನು ಮೊದಲು ಬರೆದು, ಉಳಿದ ಜಾಗದಲ್ಲಿ ನೋಟಗಳನ್ನು ತುಂಬಬೇಕು. ಆಯಾಸವಾದ ಮೇಲೆ ವಿಶ್ರಾಂತಿ ಪಡೆದರೆ ತಡವಾಯಿತು. ಆಗುವ ಮುನ್ನವೇ ಪಡೆಯಬೇಕು.

ವೈದ್ಯರು ಬೇರೆ ಎಚ್ಚರಿಕೆಗಳನ್ನು ಕೊಟ್ಟರು. ಫಿಟ್ಸ್ ಬಾರದಿರಲೆಂದು ಕೊಟ್ಟ ಮಾತ್ರೆಗಳನ್ನು ಊರು ಬದಲಾದರೂ ಹೊತ್ತು ಬದಲಾಗದಂತೆ ನುಂಗಬೇಕು. ಅವುಗಳನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕದೆ ಕೈಚೀಲದಲ್ಲಿಯೇ, ಒಂದೆರಡು ದಿನಕ್ಕೆ ಹೆಚ್ಚಾಗಿ ಇಟ್ಟುಕೊಳ್ಳಬೇಕು. ನಿದ್ರೆಗೆಟ್ಟರೆ ಫಿಟ್ಸ್ ಮರುಕಳಿಸಬಹುದಾದ್ದರಿಂದ ರಾತ್ರಿಯ ಪ್ರಯಾಣ ಬೇಡ. ಮದ್ಯ ಸಲ್ಲದು. ಗಾಯದ, ಔಷಧಿಗಳ ವಿವರವನ್ನು ಬರೆದ ಒಂದು ಚೀಟಿ ಯಾವಾಗಲೂ ಜೇಬಿನಲ್ಲಿರಲಿ. ತಲೆಯ ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ವಿಮಾನವನ್ನಂತೂ ವೈದ್ಯರನ್ನು ಕೇಳದೆ ಹತ್ತಬಾರದು. ಬುರುಡೆಯೊಳಗೆ ಗಾಳಿ ಸಿಕ್ಕಿಕೊಂಡಿದ್ದರೆ, ಮೇಲೇರಿದಂತೆ ಒತ್ತಡ ತಗ್ಗಿ ಆ ಗಾಳಿ ಹಿಗ್ಗುತ್ತದೆ. ಎರಡು ವರ್ಷದ ಹಿಂದಿನ ಗಾಯಕ್ಕೆ ಆ ಭಯವಿಲ್ಲವಾದರೂ, ವಿಮಾನದ ಮಾತು ಆ ಮನೆಯಲ್ಲಿ ಏಳಲಿಲ್ಲ. ಯಜಮಾನರು ರೈಲಿನ ಭಕ್ತರು.

2024ರ ಆಷಾಢದಲ್ಲಿ ಯೋಜನೆಗೆ ಮೊದಲಾಯಿತು. ಮನೆಯಾಕೆ ಇನ್ನೂರು ಪುಟದ ಒಂದು ನೋಟ್‌ಬುಕ್ಕನ್ನು ತಂದು ಪತಿಯ ಮುಂದಿಟ್ಟರು. ಮೊದಲ ದಿನ ಅವರು ಏಳು ಪುಟ ಬರೆದರು. ಓದಿ ನೋಡಿದರೆ ಕೊಡೆ ಎಂಬುದು ನಾಲ್ಕು ಕಡೆ ಇದೆ. ಹೋಗುವ ಊರಿನ ಹೆಸರು ಎಲ್ಲಿಯೂ ಇಲ್ಲ. ಅವರಿಗೂ ಅದು ಹೊಳೆದು ನೋಟ್‌ಬುಕ್ಕನ್ನು ದೂರ ಸರಿಸಿದರು. ಮಗ, “ಕೊಡಮ್ಮ, ನಾನು ಹತ್ತು ನಿಮಿಷದಲ್ಲಿ ಮಾಡಿಬಿಡುತ್ತೇನೆ” ಎಂದು ಕೈ ಚಾಚಿದನು. ಆಕೆ ಕೊಡಲಿಲ್ಲ. ಚಿಕಿತ್ಸಕಿ ಹೇಳಿಕೊಟ್ಟ ಉಪಾಯ ಆಕೆಗೆ ನೆನಪಿತ್ತು: ದಿನಕ್ಕೆ ಒಂದೇ ಪ್ರಶ್ನೆ, ಒಂದು ಪ್ರಶ್ನೆಗೆ ಎರಡೇ ಆಯ್ಕೆ, ಆರಿಸಿದ್ದನ್ನು ಅವರ ಕೈಯಿಂದಲೇ ಬರೆಸುವುದು.

“ಏನೂಂದ್ರೆ, ಸಮುದ್ರವೋ ಜೋಗವೋ?” ಎಂಬುದು ಮೊದಲ ಪ್ರಶ್ನೆ. ಮಗನಿಗೆ ಸಮುದ್ರದ ಆಸೆ. ಬೆಂಗಳೂರಿನಿಂದ ಮಂಗಳೂರಿಗೆ ಹಗಲು ಹೊತ್ತು ಹೋಗುವ ರೈಲಿಗೆ 2021ರಲ್ಲಿ ಗಾಜಿನ ಚಾವಣಿಯ ಡಬ್ಬಿಗಳನ್ನು ಜೋಡಿಸಿದ್ದಾರೆ. ಘಟ್ಟದ ಸೊಬಗನ್ನು ಕುಳಿತಲ್ಲಿಯೇ ನೋಡಬಹುದು ಎಂದು ಆತ ವಾದಿಸಿದನು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ ಐವತ್ತೇಳು ಸುರಂಗ ಕಣೋ” ಎಂದರು. ಬೆಳಕು, ಕತ್ತಲೆ, ಮತ್ತೆ ಬೆಳಕು, ಹೀಗೆ ಐವತ್ತೇಳು ಸಲ. ಟ್ಯೂಬ್‌ಲೈಟು ಮಿಣುಕಿದರೇ ತಲೆ ಹಿಡಿದುಕೊಳ್ಳುವವರಿಗೆ ಅದು ಸೊಬಗಲ್ಲವೆಂದು ಎಲ್ಲರಿಗೂ ಒಡನೆಯೇ ತಿಳಿಯಿತು. ಅವರ ಹಳೆಯ ವಿದ್ಯೆಯೇ ಅವರ ನೆರವಿಗೆ ಬಂದಿತ್ತು. ಅಂದು ಅವರು ನೋಟ್‌ಬುಕ್ಕಿನಲ್ಲಿ ‘ಜೋಗ’ ಎಂದು ಬರೆದರು. ಅದರ ಕೆಳಗೆ ಎರಡು ಗೆರೆ ಎಳೆದರು.

ಹೀಗೆ ದಿನಕ್ಕೊಂದು ಸಾಲು. ರೈಲೋ ಕಾರೋ? ರೈಲು. ಒಂದೇ ದಿನದಲ್ಲಿ ತಾಳಗುಪ್ಪದವರೆಗೋ, ಶಿವಮೊಗ್ಗದಲ್ಲಿ ಒಂದು ರಾತ್ರಿ ತಂಗಿಯೋ? ತಂಗಿ. ಭಾನುವಾರವೋ ಮಂಗಳವಾರವೋ? ಜನ ಕಡಿಮೆ ಇರುವ ಮಂಗಳವಾರ. ಒಂದು ಪ್ರಶ್ನೆಗೆ ಮೂರು ದಿನ ಉತ್ತರ ಬರಲಿಲ್ಲ. ಮೂರು ದಿನವೂ ಕಾದರು. ಕೊಠಡಿಯನ್ನು ಗೊತ್ತುಮಾಡುವ ಕೆಲಸವನ್ನು ಆಕೆ ವಹಿಸಿಕೊಂಡರು. ಗಣೇಶನ ಹಬ್ಬ ಕಳೆದ ಮರುವಾರ ಹೊರಡುವುದೆಂದು ಗೊತ್ತಾಗಿದ್ದಿತಾದ್ದರಿಂದ, ಸಾಗರದ ವಸತಿಗೃಹವೊಂದಕ್ಕೆ ಫೋನು ಮಾಡಿ, “ಹತ್ತಿರದಲ್ಲಿ ಗಣೇಶನ ಪೆಂಡಾಲು ಇದೆಯೆ?” ಎಂದು ಕೇಳಿದರು. ಅತ್ತ ಕಡೆಯವರು ಹಿಗ್ಗಿನಿಂದ, “ಪಕ್ಕದಲ್ಲೇ ಇದೆ ತಾಯಿ, ನಾಲ್ಕು ದಿನ ಆರ್ಕೆಸ್ಟ್ರಾ ಕೂಡ ಉಂಟು” ಎಂದರು. ಆಕೆ ಅಷ್ಟೇ ಹಿಗ್ಗಿನಿಂದ ವಂದನೆ ಹೇಳಿ ಫೋನನ್ನಿಟ್ಟು, ಊರಾಚೆಯ ಇನ್ನೊಂದು ಮನೆಯನ್ನು ಹುಡುಕಿದರು.

ಪ್ರತಿದಿನದ ಪುಟದ ಕೊನೆಯಲ್ಲಿ ಒಂದು ಸಾಲನ್ನು ಖಾಲಿ ಬಿಡಬೇಕೆಂದು ಚಿಕಿತ್ಸಕಿ ಹೇಳಿದ್ದರು. ಹಳೆಯ ಯೋಜನೆಗಳಲ್ಲಿ ಐದು ನಿಮಿಷವನ್ನೂ ಖಾಲಿ ಬಿಡದಿದ್ದ ಯಜಮಾನರಿಗೆ ಇದು ಹಿಡಿಸಲಿಲ್ಲ. ಅದಕ್ಕೇನು ಅರ್ಥವೆಂದು ಕೇಳಿದರು. “ಆ ದಿನ ನಿಮಗೆ ಏನು ಬೇಕೆನಿಸುತ್ತದೋ ಅದು” ಎಂದು ಆಕೆ ಅಂದರು.

ಪ್ರಯಾಣದ ದಿನ ಹಗಲು ರೈಲು, ಕಿಟಕಿಯ ಬದಿ, ಕಣ್ಣಿಗೆ ಕಪ್ಪು ಕನ್ನಡಕ, ಕಿವಿಗೆ ಹತ್ತಿ. ಒಂದು ಗಂಟೆಗೊಮ್ಮೆ ಕಣ್ಣು ಮುಚ್ಚಿ ಹತ್ತು ನಿಮಿಷ ಸುಮ್ಮನಿರುವುದೆಂದು ನೋಟ್‌ಬುಕ್ಕಿನಲ್ಲಿ ಅವರೇ ಬರೆದುಕೊಂಡಿದ್ದರು. ಅರಸೀಕೆರೆಯಲ್ಲಿ ಅವರು ಕಾಫಿ ಕುಡಿದರು. ಶಿವಮೊಗ್ಗವನ್ನು ತಲುಪಿದಾಗ ಬಳಲಿಕೆ ಇತ್ತು, ಕೋಪ ಇರಲಿಲ್ಲ. ಮರುದಿನ ಸಾಗರಕ್ಕೆ ಹೋಗಿ, ಅದರ ಮಾರನೆಯ ಬೆಳಗ್ಗೆ ಜೋಗಕ್ಕೆ ಹೊರಡುವುದೆಂಬ ಏರ್ಪಾಡು. ಆ ಬೆಳಗ್ಗೆ ಕಾರು ಬಂದು ಬಾಗಿಲಲ್ಲಿ ನಿಂತಿತು. ಯಜಮಾನರು ಜಗಲಿಯಲ್ಲಿ ಕುಳಿತು ಹನಿಯುವ ಮಳೆಯನ್ನು ನೋಡುತ್ತ, “ಇವತ್ತು ಬೇಡ. ಇವತ್ತು ನನ್ನಿಂದ ಆಗುವುದಿಲ್ಲ. ನಾಳೆ ಹೋಗೋಣ” ಎಂದರು. ಅನಂತರ ನೋಟ್‌ಬುಕ್ಕನ್ನು ತೆಗೆದು ಖಾಲಿ ಸಾಲಿನಲ್ಲಿ ‘ಇಲ್ಲಿಯೇ’ ಎಂದು ಬರೆದರು.

ಮಗನ ಮುಖ ಕಳೆಗುಂದಿತು. ಮನೆಯಾಕೆಯ ಕಣ್ಣು ತುಂಬಿತು, ಅದು ದುಃಖದಿಂದಲ್ಲ. ಹೋಟಲಿನಲ್ಲಿ ಮೇಜನ್ನು ಗುದ್ದಿದ ಮನುಷ್ಯ ಇಂದು ತನ್ನ ಶಕ್ತಿಯನ್ನು ತಾನೇ ತೂಗಿ ನೋಡಿ, ಸಾಲದೆಂದು ಕಂಡು, ಬೇರೆ ದಾರಿಯನ್ನು ಆರಿಸಿದ್ದರು. ಪ್ರವಾಸವನ್ನು ಮುಂದೂಡುವುದೂ ಯೋಜನೆಯೇ.

ಮರುದಿನ ಜೋಗದಲ್ಲಿ ಮಂಜು ಕವಿದಿತ್ತು. 253 ಮೀಟರುಗಳ ಆಳಕ್ಕೆ ಧುಮುಕುವ ಶರಾವತಿ ಮೊದಲು ಕಿವಿಗೆ ಮಾತ್ರ ದೊರೆತಳು. ತಟ್ಟೆಯ ಸದ್ದನ್ನು ತಾಳಲಾರದವರು ಈ ಮೊರೆತವನ್ನು ಹೇಗೆ ತಾಳುವರೋ ಎಂದು ಆಕೆ ಹೆದರಿದ್ದರು. ಅವರು ಹತ್ತಿಯನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಒಂದೇ ಸಮನಾಗಿ ಸುರಿಯುವ ಒಂದೇ ಸದ್ದು. ಅದರಲ್ಲಿ ಆರಿಸಬೇಕಾದದ್ದು, ಬಿಡಬೇಕಾದದ್ದು ಯಾವುದೂ ಇರಲಿಲ್ಲ. ಮಂಜು ಸರಿದಾಗ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕಂಡವು. ಕೆಳಕ್ಕೆ ಇಳಿಯುವ ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳ ಮಾತನ್ನು ಯಾರೂ ಎತ್ತಲಿಲ್ಲ. ನಲವತ್ತು ನಿಮಿಷ ನಿಂತಿದ್ದು ಹಿಂತಿರುಗಿದರು. ಹತ್ತಿರದಲ್ಲಿ ನೋಡತಕ್ಕ ಇನ್ನೂ ಹಲವು ಸ್ಥಳಗಳಿದ್ದವು. ಅವು ಅಲ್ಲಿಯೇ ಉಳಿದವು.

ಅಮೆರಿಕದ ವರ್ಮಾಂಟಿನಲ್ಲಿ 1848ರಲ್ಲಿ ಫಿನಿಯಾಸ್ ಗೇಜ್ ಎಂಬ ರೈಲುಹಾದಿಯ ಮೇಸ್ತ್ರಿಯ ತಲೆಯನ್ನು ಮೂರು ಅಡಿ ಏಳು ಅಂಗುಲದ ಕಬ್ಬಿಣದ ಹಾರೆ ತೂರಿಹೋಯಿತು. ಬದುಕಿದವನು ಒಂದರ ಮೇಲೊಂದು ಯೋಜನೆ ಹೂಡಿ, ಹೂಡಿದೊಡನೆ ಬಿಟ್ಟುಬಿಡುವ ಸ್ವಭಾವದವನಾದನೆಂದು ಆತನ ವೈದ್ಯ ಹಾರ್ಲೊ ಬರೆದಿಟ್ಟಿದ್ದಾನೆ. ಲೋಕ ನೆನಪಿನಲ್ಲಿಟ್ಟುಕೊಂಡದ್ದು ಇಷ್ಟನ್ನೇ. ಆದರೆ ಅದೇ ಗೇಜ್ 1852ರಲ್ಲಿ ಕಡಲು ದಾಟಿ ಚಿಲಿ ದೇಶಕ್ಕೆ ಹೋಗಿ, ಹಲವು ವರ್ಷ ಅಲ್ಲಿ ಕುದುರೆಗಾಡಿಯನ್ನು ನಡೆಸಿದನು. ಪ್ರತಿದಿನವೂ ಅದೇ ಕೆಲಸ, ಅದೇ ಕ್ರಮ. ಹೊರಗಿನಿಂದ ದೊರೆತ ಆ ಕಟ್ಟುಪಾಡೇ ಅವನ ಒಳಗಿನ ಕೊರತೆಯನ್ನು ತುಂಬಿರಬೇಕೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಬಿದ್ದ ಗೋಡೆಗೆ ಊರುಗೋಲನ್ನು ಕೊಡಬಹುದು. ಮನೆ ಮಾತ್ರ ಮನೆಯವನದೇ ಆಗಿ ಉಳಿಯಬೇಕು. ಮೈಸೂರಿನ ಆ ನೋಟ್‌ಬುಕ್ಕು ಮಾಡಿದ ಕೆಲಸವೂ ಇದೇ.

ಊರಿಗೆ ಮರಳಿದ ವಾರ ಅತ್ತಿಗೆಯವರು ಬಂದರು. “ಯಾವ ಯಾವ ಊರು ನೋಡಿಕೊಂಡು ಬಂದಿರಪ್ಪ?” ಎಂದು ವಾಡಿಕೆಯಂತೆ ಕೇಳಿದರು. ಒಂದು ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಮುಗಿಯಲು ಎರಡು ಲೋಟ ಕಾಫಿ ಬೇಕಾಗುತ್ತಿತ್ತು. ಯಜಮಾನರಿಗೆ ಒಡನೆ ನೆನಪಾಗಲಿಲ್ಲ. ಎದ್ದು ಹೋಗಿ ನೋಟ್‌ಬುಕ್ಕನ್ನು ತಂದು, ಪುಟ ತಿರುವಿ, ಬೆರಳಿಟ್ಟು ಓದಿಕೊಂಡು ಹೇಳಿದರು: “ನೋಡಲು ಹೋದದ್ದು ಒಂದೇ ಊರು, ಅತ್ತಿಗೆ. ಒಂದು ದಿನ ಮಳೆ ನೋಡಿದೆವು, ಒಂದು ದಿನ ಜೋಗ ನೋಡಿದೆವು. ಎರಡನ್ನೂ ಗೊತ್ತುಮಾಡಿದ್ದು ನಾನೇ.”